ಯಾವ ಸಂಘದ ಸಾಲ?

2025ರ ಆರಂಭದಲ್ಲಿ ಕಿರುಸಾಲದ ಕಿರುಕುಳಕ್ಕೆ ಊರು ಬಿಟ್ಟವರ ಸುದ್ದಿ ದಿನವೂ ಬರುತ್ತಿತ್ತು. ಬಳ್ಳಾರಿಯ ನಮ್ಮ ಕಾಲೇಜಿನಲ್ಲೂ ‘ಸಂಘದ ಸಾಲ ಬೇಕೋ ಬೇಡವೋ’ ಎಂದು ಚರ್ಚೆಯಾಯಿತು. ಬೇಡವೆಂದು ನಾನೂ ಕೈ ಎತ್ತಿದೆ. ಭಾನುವಾರ ಸಿರುಗುಪ್ಪಕ್ಕೆ ಹೋಗಿ ಇದನ್ನು ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: ‘ಯಾವ ಸಂಘಪ್ಪ?’

ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಕಡೆ ಎರಡು ಬೇರೆ ಬೇರೆ ವ್ಯವಸ್ಥೆಗಳಿಗೆ ‘ಸಂಘ’ ಎಂಬ ಒಂದೇ ಹೆಸರಿದೆ. ಮೊದಲನೆಯದು ಹತ್ತರಿಂದ ಇಪ್ಪತ್ತು ಹೆಂಗಸರು ತಾವೇ ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸ್ವಸಹಾಯ ಸಂಘ. ಎಂಬತ್ತರ ದಶಕದಲ್ಲಿ ಕರ್ನಾಟಕದ ಮೈರಾಡ ಸಂಸ್ಥೆ ಇಂಥ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅವುಗಳಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳು ಬಂದದ್ದು ಆಮೇಲೆ. ಎರಡನೆಯದು ಸಂಸ್ಥೆಯೊಂದು ಸಾಲ ಕೊಡುವುದಕ್ಕಾಗಿಯೇ ಐದಾರು ಜನರನ್ನು ಕೂಡಿಸಿ ಒಬ್ಬರಿಗೊಬ್ಬರನ್ನು ಜಾಮೀನು ಮಾಡುವ ಗುಂಪು. ಮೊದಲನೆಯದರಲ್ಲಿ ಒಳಸಾಲದ ಬಡ್ಡಿ ಸಂಘದ ನಿಧಿಗೇ ಮರಳುತ್ತದೆ, ಎರಡನೆಯದರಲ್ಲಿ ಸಂಸ್ಥೆಗೆ ಹೋಗುತ್ತದೆ.

ಅವ್ವ ಮೊದಲ ಸಂಘದವಳು. ವಾರಕ್ಕೆ ಇಪ್ಪತ್ತು ರೂಪಾಯಿ ಕಟ್ಟುತ್ತಿದ್ದಳು. ಮೊದಲ ಸಾಲದಲ್ಲಿ ಜೋಳ ಮತ್ತು ದೊಡ್ಡ ಹಂಚು ತಂದಳು, ಅದು ತೀರಿದ ಮೇಲೆ ಗ್ಯಾಸ್ ಒಲೆ ಬಂತು, ಮೂರನೆಯ ಸಾಲದ ಹೊತ್ತಿಗೆ ಖಡಕ್ ರೊಟ್ಟಿಗೆ ಖಾನಾವಳಿಯವರೇ ಮನೆಗೆ ಬರುತ್ತಿದ್ದರು. ನಾನು ಕೈ ಎತ್ತಿದ ಕಾಲೇಜಿಗೆ ಶುಲ್ಕ ಕಟ್ಟಿದ್ದೂ ಅದೇ ರೊಟ್ಟಿ. ಕುರುಗೋಡಿನ ಚಿಕ್ಕಮ್ಮನ ಖಾರಪುಡಿ ವ್ಯಾಪಾರ ಬೆಳೆದದ್ದೂ ಹೀಗೆಯೇ. ಸುಗ್ಗಿಯಲ್ಲಿ ಮೆಣಸಿನಕಾಯಿ ಅಗ್ಗ, ಆದರೆ ಆಗ ಕೈಯಲ್ಲಿ ಹಣ ಇರುವುದಿಲ್ಲ. ಸಂಘ ಆ ಹಣ ಕೊಟ್ಟಿತು, ವರ್ಷವಿಡೀ ಪುಡಿ ಮಾರಿ ಅವಳು ತೀರಿಸಿದಳು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಭತ್ತದ ನಾಡು ದಿಗಿಲುಬಿದ್ದಿತು. ಕಾಲುವೆಗೆ ನೀರು ಬರುತ್ತದೋ ಇಲ್ಲವೋ ಎಂದು ಜನ ಕೈ ಬಿಗಿಹಿಡಿದರು. ರೊಟ್ಟಿ ಉಳಿಯಿತು. ಅವ್ವನ ಸಂಘ ಸಭೆ ಸೇರಿ ಅವಳ ಕಂತನ್ನು ಎರಡು ವಾರ ಮುಂದಕ್ಕೆ ಹಾಕಿತು, ಅಷ್ಟೇ. ಎದುರು ಮನೆಯ ಅಕ್ಕನದು ಇನ್ನೊಂದು ಬಗೆಯ ಸಂಘ. ಕಂತಿನವನು ಆ ವಾರವೂ ಬಂದ. ಜಾಮೀನಿದ್ದ ನಾಲ್ವರು ಹೆಂಗಸರನ್ನೂ ಅವಳ ಅಂಗಳದಲ್ಲಿ ಕೂರಿಸಿದ. ಅವಳು ಹೊಲಿಗೆ ಯಂತ್ರ ಮಾರಿ ಕಟ್ಟಿದಳು. ದುಡಿಮೆಯ ಸಾಧನವನ್ನೇ ತಿಂದುಹಾಕಿದ ಸಾಲ ಅದು.

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ಇಂಥ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಬೇಕಿದ್ದ ಕಾನೂನೇ. ಆದರೆ ಅದು ಬರುವ ಮೊದಲೇ ನಿಯಮಗಳು ಇದ್ದವು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಕಂತು ವಾರಕ್ಕೋ ತಿಂಗಳಿಗೋ ಎಂಬುದರಲ್ಲೂ ಸಾಲಗಾರರ ಅನುಕೂಲಕ್ಕೆ ಅವಕಾಶ ಇರಬೇಕು. ನಮ್ಮ ಓಣಿಯಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ರೆಪೊ ದರ ಬಾಯಿಪಾಠ ಮಾಡುತ್ತಿದ್ದ ನನಗೂ ಗೊತ್ತಿರಲಿಲ್ಲ!

ಹಾಗೆಂದು ಅವ್ವನ ಸಂಘವನ್ನು ತೀರಾ ಹೊಗಳುವಂತಿಲ್ಲ. ಅದರ ಶಕ್ತಿ ಒಂದು ಹಂಚು, ಒಂದು ಯಂತ್ರದವರೆಗೆ. ಕೌಲ್‌ಬಜಾರ್‌ನ ಗೆಳೆಯನ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಒಂದು ಯಂತ್ರ ಅವನ ತಾಯಿಯ ಸಂಘದಿಂದ ಬಂತು. ಐದು ಯಂತ್ರ ಹಾಕಿ ನಾಲ್ವರಿಗೆ ಕೆಲಸ ಕೊಡಬೇಕೆಂದರೆ ಲಕ್ಷಗಳು ಬೇಕು. ಜೊತೆಗೆ ವ್ಯಾಪಾರಿ ಹಣ ಕೊಡುವವರೆಗೆ ಕೂಲಿ ಕೊಡಲು ಗಂಟೂ ಇರಬೇಕು. ಅಲ್ಲಿಗೆ ಮುದ್ರಾದಂಥ ಬ್ಯಾಂಕ್ ಸಾಲವೇ ಬೇಕು. ಬ್ಯಾಂಕ್ ಕೇಳುವುದು ಉದ್ಯಮ್ ನೋಂದಣಿ, ಖಾತೆಯ ವಹಿವಾಟು, ಲೆಕ್ಕ. ಅವನ ತಾಯಿ ಇಷ್ಟು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ್ದು ಸಂಘದ ಪುಸ್ತಕದಲ್ಲಿದೆ. ಆದರೆ ಹೊಲಿಗೆಯ ಆದಾಯ ನಗದಿನಲ್ಲಿ ಬಂದು ನಗದಿನಲ್ಲೇ ಹೋಗಿದ್ದರಿಂದ ಬ್ಯಾಂಕಿಗೆ ತೋರಿಸಲು ಕಾಗದವೇ ಇಲ್ಲ. ಸಣ್ಣ ಉದ್ಯಮಗಳು ನಮ್ಮಲ್ಲಿ ಸಣ್ಣದಾಗಿಯೇ ಉಳಿಯುವುದು ಹೆಚ್ಚಾಗಿ ಈ ಮೆಟ್ಟಿಲಲ್ಲೇ ಎಂದು ನನಗನ್ನಿಸುತ್ತದೆ.

ಕಳೆದ ತಿಂಗಳಿಂದ ಗೆಳೆಯ ಮತ್ತು ನಾನು ಕೂತು ಪೀಸ್ ಲೆಕ್ಕ ಬರೆಯುತ್ತಿದ್ದೇವೆ. ಬಟ್ಟೆ ಕೊಡುವ ವ್ಯಾಪಾರಿಯನ್ನು ಖಾತೆಗೇ ಹಣ ಹಾಕುವಂತೆ ಒಪ್ಪಿಸಿದ್ದಾಯಿತು. ಆರು ತಿಂಗಳ ವಹಿವಾಟು ಕೂಡಿದ ಮೇಲೆ ಬ್ಯಾಂಕಿಗೆ ಅರ್ಜಿ ಹಾಕಬೇಕು. ಅಷ್ಟರೊಳಗೆ ಓಣಿಗೆ ಬಂದ ಒಬ್ಬ ಏಜೆಂಟ್, ಆಧಾರ್ ಕೊಟ್ಟರೆ ಎರಡೇ ದಿನದಲ್ಲಿ ಹಣ ಎಂದನಂತೆ. ಗೆಳೆಯನ ತಾಯಿ ಇನ್ನೂ ಯೋಚಿಸುತ್ತಿದ್ದಾರೆ.