ಚಿಗರಿಯ ಮೇಲೆ ಚೀಟಿ ಎತ್ತಬೇಡಿ

ಮುಂಗಾರಿನ ಹೆಸರು, ಹತ್ತಿ ಎರಡೆಲೆ ಬಿಡುವ ಹೊತ್ತಿಗೆ ನಮ್ಮ ಕಡೆ ಪ್ರತಿವರ್ಷ ಒಂದು ಮಾತು ಹುಟ್ಟುತ್ತದೆ. ಚಿಗರಿಗಳ ಕಾಟ ತಪ್ಪಬೇಕಾದರೆ ಗುಂಡು ಹಾಕಲು ಬಿಡಬೇಕು ಎಂಬುದೇ ಆ ಮಾತು. ಈಚೆಗೆ ಅದಕ್ಕೊಂದು ಬಾಲವೂ ಸೇರಿಕೊಂಡಿದೆ. "ಅಮೆರಿಕದಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಲಾಟರಿ ಎತ್ತುತ್ತದಂತೆ. ಹೆಸರು ಬಂದವನಿಗೆ ಒಂದು ಚೀಟಿ, ಚೀಟಿಗೊಂದು ಜಿಂಕೆ. ಸರ್ಕಾರಕ್ಕೆ ರೊಕ್ಕ, ರೈತನಿಗೆ ಬೆಳೆ. ನಮ್ಮಲ್ಲೂ ಹಾಗೇ ಮಾಡಬಾರದೇಕೆ?" ಮಗನೋ ಅಳಿಯನೋ ಅಮೆರಿಕದಲ್ಲಿರುವ ಮನೆಗಳಲ್ಲಿ ಈ ಮಾತು ಹೆಚ್ಚು. ಕೇಳಿದವರು ತಲೆದೂಗುತ್ತಾರೆ. ನಾನು ತಲೆದೂಗಲಾರೆ.

ಹಾಗೆಂದು ನಾನು 'ಪಾಪ, ಜಿಂಕೆ' ಎನ್ನುವವರ ಸಾಲಿಗೂ ಸೇರಿದವಳಲ್ಲ. ಪೇಟೆಯ ಮನೆಯಲ್ಲಿ ಟಿ.ವಿ. ಮುಂದೆ ಕುಳಿತು ಹಾಗೆ ಮರುಗುವುದು ಸುಲಭ. ಗೋಗಿಯ ತವರಿನ ಹೊಲದಲ್ಲಿ ತಗಡಿನ ಡಬ್ಬಿ ಬಾರಿಸುತ್ತ ಬೆಳೆ ಕಾಯುವ ನನ್ನ ಅತ್ತಿಗೆಯ ಮುಂದೆ ಆ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಹಿಂಡು ಬಂದು ಹೋದ ಮೇಲೆ ಮತ್ತೆ ಬೀಜ ತರಬೇಕು, ಮತ್ತೆ ಬಿತ್ತಬೇಕು. ಆ ಸಾಲ ತೀರಿಸುವವರು ಮರುಗುವವರಲ್ಲ.

ಆದರೆ ಒಂದು ಪದ್ಧತಿಯನ್ನು ಬೇಡವೆನ್ನುವ ಮೊದಲು ಅದೇನೆಂದು ತಿಳಿಯಬೇಕು. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ವನ್ಯಜೀವಿ ಇಲಾಖೆಯವರು ನಾಡನ್ನೆಲ್ಲ ವಿಭಾಗಗಳಾಗಿ ಮಾಡುತ್ತಾರೆ. ಒಂದೊಂದು ವಿಭಾಗದಲ್ಲಿ ಜಿಂಕೆ ಎಷ್ಟಿವೆಯೆಂದು ಅಂದಾಜು ಹಾಕಿ, ಈ ವರ್ಷ ಇಷ್ಟು ಗಂಡು, ಇಷ್ಟು ಹೆಣ್ಣು ಹೊಡೆಯಬಹುದೆಂದು ಗೊತ್ತುಮಾಡುತ್ತಾರೆ. ಚೀಟಿಗಳ ಸಂಖ್ಯೆ ಆ ಲೆಕ್ಕದ ಮೇಲೆ. ಅದಕ್ಕೆ 'ಟ್ಯಾಗ್' ಎಂದು ಹೆಸರು. ಬೇಡುವವರು ಹೆಚ್ಚಾದರೆ ಲಾಟರಿ.

ಲಾಟರಿಯೆಂದರೆ ಬರೀ ಅದೃಷ್ಟವೂ ಅಲ್ಲ. ಕೊಲೊರಾಡೊ ರಾಜ್ಯದಲ್ಲಿ ಅರ್ಜಿದಾರ ನಾಲ್ಕು ಆಯ್ಕೆಗಳನ್ನು ಬರೆಯಬಹುದು. ಮೊದಲ ಆಯ್ಕೆ ಸಿಗದಿದ್ದರೆ ಅವನ ಹೆಸರಿಗೆ ಒಂದು ಅಂಕ ಜಮಾ ಆಗುತ್ತದೆ. ಮುಂದಿನ ವರ್ಷ ಹೆಚ್ಚು ಅಂಕದವರು ಮುಂದೆ. ನೆವಾಡಾದಲ್ಲಿ ಅಂಕವನ್ನು ಅದರಿಂದಲೇ ಗುಣಿಸುತ್ತಾರೆ: ಐದು ಅಂಕವಿದ್ದವನಿಗೆ 25 ಹೆಚ್ಚಿನ ಅವಕಾಶ. ಐಡಾಹೊದಲ್ಲಿ ಅಂಕವೇ ಇಲ್ಲ. ಈ ವರ್ಷ ಬಂದವನಿಗೂ ಇಪ್ಪತ್ತು ವರ್ಷದಿಂದ ಕಾದವನಿಗೂ ಒಂದೇ ಅವಕಾಶ.

ಹೀಗಾಗಿ ಅರ್ಜಿ ಹಾಕುವುದರಲ್ಲೂ ಲೆಕ್ಕಾಚಾರವಿದೆ. ಈ ವರ್ಷವೇ ಮನೆಗೆ ಮಾಂಸ ಬೇಕೋ, ಹತ್ತು ವರ್ಷ ಕಾದು ದೊಡ್ಡ ಕೊಂಬಿನ ಗಂಡು ಬೇಕೋ? ಹೋದ ವರ್ಷ ಆ ವಿಭಾಗದಲ್ಲಿ ಎಷ್ಟು ಅಂಕದವರಿಗೆ ಸಿಕ್ಕಿತು? ಕೊಲೊರಾಡೊದಲ್ಲಿ ಅಂಕ ಖರ್ಚಾಗುವುದು ಮೊದಲ ಆಯ್ಕೆ ಸಿಕ್ಕಾಗ ಮಾತ್ರ. ಜಾಣನಾದವನು ಮೊದಲನೆಯದಕ್ಕೆ ಹೆಸರಾಂತ ವಿಭಾಗ ಬರೆದು ಅಂಕ ಕೂಡಿಸುತ್ತಾನೆ, ಎರಡನೆಯದಕ್ಕೆ ಸುಲಭದ ವಿಭಾಗ ಬರೆದು ಈ ವರ್ಷದ ಬೇಟೆಯನ್ನೂ ಮುಗಿಸುತ್ತಾನೆ. ಯಾವ ತಿಂಗಳು ಚೀಟಿ ಎತ್ತಿದರೆ ಲಾಭವೆಂದು ಬೆರಳೆಣಿಸುವ ನಮ್ಮಂಥ ಹೆಂಗಸರಿಗೆ ಈ ಜಾಣತನ ತಿಳಿಯುವುದು ಕಷ್ಟವಲ್ಲ. ಇದರ ಇನ್ನೊಂದು ಮುಖವೂ ನಮಗೆ ಗೊತ್ತು. ಮೊದಲು ಸೇರಿದವರು, ಓದುಬರಹ ಬಲ್ಲವರು, ಪ್ರತಿವರ್ಷ ಶುಲ್ಕ ಕಟ್ಟಬಲ್ಲವರು ಮುಂದೆ ನಿಲ್ಲುತ್ತಾರೆ. ತಡವಾಗಿ ಬಂದವರು ಹಿಂದೆಯೇ ಉಳಿಯುತ್ತಾರೆ.

ಈಗ ಇದನ್ನು ಗೋಗಿಗೆ ತಂದು ನೋಡೋಣ. ಡಬ್ಬಿಯಲ್ಲಿ ಬೀಳುವ ಹೆಸರು ಯಾರದು? ಬಂದೂಕಿನ ಲೈಸೆನ್ಸು ಇದ್ದವರದು, ಜೀಪು ಇದ್ದವರದು, ಬೇಟೆಯ ಆಸೆ ಇದ್ದವರದು. ಬೆಳೆ ಕಳೆದುಕೊಂಡವಳ ಹೆಸರು ಅದರಲ್ಲಿ ಇರುವುದೇ ಇಲ್ಲ. "ಯಾರು ಹೊಡೆದರೇನು, ಹಿಂಡು ಕಡಿಮೆಯಾದರೆ ಸಾಕಲ್ಲ" ಎನ್ನುವಿರಿ. ಕಡಿಮೆಯಾಗುವುದಿಲ್ಲ. ಬೇಟೆಗಾರನಿಗೆ ಬೇಕಾದದ್ದು ತಿರುಚಿದ ಉದ್ದ ಕೊಂಬಿನ ಕರಿಯ ಗಂಡು. ಹಿಂಡಾಗಿ ಹೊಲ ಮೇಯುವವುಗಳಲ್ಲಿ ಹೆಣ್ಣು, ಮರಿಗಳೇ ಬಹಳ. ಒಂದು ಗಂಡು ಸತ್ತರೆ ಇನ್ನೊಂದು ಗಂಡು ಆ ಜಾಗಕ್ಕೆ ಬರುತ್ತದೆ, ಹಿಂಡು ಬೆಳೆಯುತ್ತಲೇ ಇರುತ್ತದೆ. ಇದು ಅಮೆರಿಕದವರಿಗೆ ಗೊತ್ತು. ಸಂಖ್ಯೆ ಇಳಿಸಬೇಕಾದ ಕಡೆ ಅವರು ಕೊಂಬಿಲ್ಲದ ಜಿಂಕೆಗೇ ಬೇರೆ ಚೀಟಿ ಕೊಡುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ 2022ರವರೆಗೂ ಅದರ ಅರ್ಜಿ ಗುಲಾಬಿ ಬಣ್ಣದ ಲಕೋಟೆಯಲ್ಲಿ ಅಂಚೆಯ ಮೂಲಕ ಹೋಗುತ್ತಿತ್ತು. ಹಣ ಕಟ್ಟಿ ದೂರದಿಂದ ಬರುವ ನಮ್ಮ ಬೇಟೆಗಾರ ಗರ್ಭದ ಹೆಣ್ಣು ಚಿಗರಿಗೆ ಚೀಟಿ ಕೇಳುತ್ತಾನೆಯೇ?

ಎರಡನೆಯದು ಕಾನೂನು. ನಾವು ಜಿಂಕೆ, ಚಿಗರಿ ಎನ್ನುವ ಈ ಪ್ರಾಣಿ ಕೃಷ್ಣಮೃಗ. ವರ್ಷಕ್ಕೊಮ್ಮೆ ಕೊಂಬು ಉದುರಿಸುವ ಅಮೆರಿಕದ ಜಿಂಕೆಯ ಜಾತಿಯೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ ಆನೆಗಳ ಜೊತೆಗೆ ಇದರ ಹೆಸರಿದೆ. ಆ ಅನುಸೂಚಿಯ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾದರೆ, ಇಲ್ಲವೆ ಗುಣವಾಗದಂತೆ ರೋಗ ಬಿದ್ದರೆ, ಅಂಗ ಊನವಾದರೆ ಮಾತ್ರ ಕೊಲ್ಲಲು ಅನುಮತಿ ಕೊಡಬಹುದು. ಬೆಳೆ ತಿಂದಿತೆಂಬುದು ಕಾರಣವಾಗದು. 2016ರಲ್ಲಿ ಬಿಹಾರದ ಮೊಕಾಮಾದಲ್ಲಿ ನೀಲ್‌ಗಾಯ್‌ಗಳನ್ನು ಗುಂಡಿಟ್ಟು ಕೊಂದರಲ್ಲ ಎಂದು ಕೇಳುತ್ತೀರಿ. ಅದನ್ನು ಕೇಂದ್ರ ಸರ್ಕಾರ ಪೀಡಕ ಪ್ರಾಣಿಯೆಂದು ಸಾರಿತ್ತು. ಮೊದಲ ಅನುಸೂಚಿಯ ಪ್ರಾಣಿಯನ್ನು ಹಾಗೆ ಸಾರಲು ಕಾಯ್ದೆಯಲ್ಲಿ ದಾರಿಯಿಲ್ಲ.

ಕಾಯ್ದೆ ತಿದ್ದಿದರಾಯಿತು ಎನ್ನುವವರಿಗೆ ನನ್ನ ಮೂರನೆಯ ಮಾತು. ಈ ನೆಲದಲ್ಲಿ ಬೇಟೆ ಯಾರ ಹಕ್ಕಾಗಿತ್ತು? ನಮ್ಮ ಗೋಗಿಯಲ್ಲೇ ಆದಿಲಶಾಹಿಯ ಮೊದಲ ಸುಲ್ತಾನರು ಮಣ್ಣಾಗಿ ಮಲಗಿದ್ದಾರೆ. ಪಕ್ಕದ ಸುರಪುರವನ್ನು 1858ರವರೆಗೆ ಆಳಿದವರು ಬೇಡ ನಾಯಕರು. ದೊರೆಗಳ ಬೇಟೆ ವಿನೋದಕ್ಕೆ, ಬಡ ಬೇಡನ ಬೇಟೆ ಹೊಟ್ಟೆಗೆ. 1972ರ ಕಾಯ್ದೆ, ಅದರ ಮುಂದಿನ ತಿದ್ದುಪಡಿಗಳು ಇಬ್ಬರಿಗೂ ಬಾಗಿಲು ಹಾಕಿದವು. ಬಲೆ ಹಾಕುವುದೇ ಕಸುಬಾಗಿದ್ದವರು ಅಪರಾಧಿಗಳಾದರು; ಇವತ್ತೂ ಮೊಲಕ್ಕೆ ಉರುಳು ಹಾಕಿದವನು ಸಿಕ್ಕಿಬಿದ್ದರೆ ಜೈಲು. ಈಗ ಶುಲ್ಕ ಕಟ್ಟಿದವನಿಗೆ ಮಾತ್ರ ಆ ಬಾಗಿಲು ತೆಗೆಯಬೇಕೆ? ಹೊಟ್ಟೆಗೆ ಬೇಟೆಯಾಡಿದವನು ಕಳ್ಳ, ಹವ್ಯಾಸಕ್ಕೆ ಆಡುವವನು ಅರ್ಜಿದಾರ! ಇದ್ಯಾವ ನ್ಯಾಯ?

ಅಮೆರಿಕದಲ್ಲಿ ಆ ಪದ್ಧತಿ ನಿಂತಿರುವುದು ಸುಮ್ಮನೆ ಅಲ್ಲ. ಮಾರಾಟದ ಬೇಟೆಯಿಂದ 1900ರ ಸುಮಾರಿಗೆ ಅಲ್ಲಿಯ ಬಿಳಿಬಾಲದ ಜಿಂಕೆ ಐದು ಲಕ್ಷದಷ್ಟಕ್ಕೆ ಇಳಿದಿತ್ತೆಂದು ಅಂದಾಜು. ಈಗ ಕೋಟಿಗಳ ಲೆಕ್ಕ. 1937ರ ಒಂದು ಕಾನೂನಿನಂತೆ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಎಣಿಕೆ ಮೊದಲು, ಚೀಟಿ ಆಮೇಲೆ. ನಮ್ಮಲ್ಲಿ ಈ ಊರ ಸೀಮೆಯಲ್ಲಿ ಇಷ್ಟು ಚಿಗರಿ ಇವೆಯೆಂದು ಪಂಚಾಯ್ತಿ ಗೋಡೆಯ ಮೇಲೆ ಬರೆದದ್ದನ್ನು ನಾನಂತೂ ಕಂಡಿಲ್ಲ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಶಹಾಪುರ ಸುರಪುರದ ಬೀಳುಗಳು ಭತ್ತ, ಹತ್ತಿಯ ಹೊಲಗಳಾದವು. ನಮ್ಮ ಮನೆಗೆ ಅನ್ನ ಬಂತು, ಚಿಗರಿಗೆ ಹುಲ್ಲುಗಾವಲು ಹೋಯಿತು. ಅದು ಮೇಯಲು ಇನ್ನೆಲ್ಲಿಗೆ ಹೋಗಬೇಕು?

ಹಾಗಾದರೆ ಅಮೆರಿಕದಿಂದ ಕಲಿಯುವುದೇನೂ ಇಲ್ಲವೇ? ಇದೆ. ಬಂದೂಕನ್ನು ಅಲ್ಲಿಯೇ ಬಿಟ್ಟು ಲೆಕ್ಕದ ಪುಸ್ತಕವನ್ನು ಮಾತ್ರ ತರೋಣ. ಸೀಮೆವಾರು ಎಣಿಕೆ ಆಗಲಿ. ಬೆಳೆನಷ್ಟದ ಅರ್ಜಿ ಎಷ್ಟು ಬಂದವು, ಎಷ್ಟಕ್ಕೆ ಹಣ ಸಿಕ್ಕಿತು, ಎಷ್ಟು ತಿರಸ್ಕಾರವಾದವು, ಯಾಕೆ, ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಲಿ. ಬೇಲಿಯ ಸಹಾಯಧನ ಎಲ್ಲರಿಗೂ ಸಾಲದಿದ್ದರೆ ಅಲ್ಲಿ ಚೀಟಿ ಎತ್ತಲಿ, ಎಲ್ಲರೆದುರು ಎತ್ತಲಿ. ಈ ವರ್ಷ ಸಿಗದವಳ ಹೆಸರಿಗೆ ಒಂದು ಅಂಕ ಬರೆದು ಮುಂದಿನ ವರ್ಷ ಅವಳನ್ನು ಮುಂದೆ ನಿಲ್ಲಿಸಲಿ. ಹಿಂಡು ತೀರಾ ಹೆಚ್ಚಾದ ಕಡೆ ಕೊಲ್ಲದೆ ಸಾಗಿಸುವ ದಾರಿಯೂ ಇದೆ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರ ಭಾಗದ ಹೊಲಗಳಿಂದ ನೂರಾರು ಕೃಷ್ಣಮೃಗಗಳನ್ನು ಹೆಲಿಕಾಪ್ಟರ್ ನೆರವಿನಿಂದ ದೊಡ್ಡಿಗೆ ಅಟ್ಟಿ, ಹಿಡಿದು, ಕಾಡಿಗೆ ಬಿಟ್ಟರು. ಖರ್ಚಿನ ಕೆಲಸ, ನಿಜ. ಆದರೆ ಕಾನೂನಿನೊಳಗಿನ ಕೆಲಸ.

ಇನ್ನೊಂದು ಮಾತು, ಅಕ್ಕಂದಿರೇ, ನಮ್ಮ ನಿಮ್ಮ ಮನೆಯದು. ಪರಿಹಾರಕ್ಕೆ ಪಹಣಿ ಕೇಳುತ್ತಾರೆ. ಪಹಣಿಯಲ್ಲಿ ಮಾವನ ಹೆಸರು, ಇಲ್ಲವೆ ಗಂಡನ ಹೆಸರು. ಹೊಲ ಕಾದವಳು, ಬೀಜ ಊರಿದವಳು ಯಾವ ಡಬ್ಬಿಯಲ್ಲೂ ಇಲ್ಲ. ಬೇಟೆಯ ಲಾಟರಿಯಲ್ಲೂ ಇಲ್ಲ, ಪರಿಹಾರದ ಪಟ್ಟಿಯಲ್ಲೂ ಇಲ್ಲ. ಹೊಲ ಮಾಡುವ ಹೆಂಗಸು ತನ್ನ ಹೆಸರಿನಲ್ಲೇ ನಷ್ಟದ ಅರ್ಜಿ ಕೊಡುವಂತಾಗಬೇಕು. ಅಲ್ಲಿಯತನಕ ಪೇಟೆಯಲ್ಲಿರುವ ನಾವು ತವರಿಗೆ ಹೋದಾಗ ಮಾಡಬಹುದಾದ ಕೆಲಸವೊಂದಿದೆ. ಹಿಂಡು ಮೇಯ್ದ ಮರುದಿನವೇ ಫೋಟೋ ತೆಗೆಯಿರಿ, ತಾರೀಖು, ಸರ್ವೆ ನಂಬರು ಬರೆದಿಡಿ, ಅರಣ್ಯ ಇಲಾಖೆಗೆ ಅರ್ಜಿ ಬರೆದುಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಮುಂದಿನ ಮದುವೆಯ ಪಂಕ್ತಿಯಲ್ಲಿ ಯಾರಾದರೂ ಅಮೆರಿಕದ ಲಾಟರಿಯ ಮಾತು ತೆಗೆದರೆ, ಆ ಡಬ್ಬಿಯಲ್ಲಿ ಯಾರ ಯಾರ ಹೆಸರು ಹಾಕುತ್ತೀರಿ ಎಂದು ಕೇಳಿ.