ಕಾಲಿನ ಮೂಳೆ ದವಡೆಯಾದ ಮೇಲೆ

ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ಕಾಲ ಕಳೆದವರ ಬಾಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಮಾಯದ ಹುಣ್ಣು. ಅದು ಕ್ಯಾನ್ಸರಾಗಿ ಮೂಳೆಗಿಳಿದರೆ ಶಸ್ತ್ರವೈದ್ಯರು ದವಡೆಯ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ತೆರವಾದ ಸ್ಥಳಕ್ಕೆ ಮೊಣಕಾಲ ಕೆಳಗಿನ ತೆಳುಮೂಳೆಯನ್ನು ರಕ್ತನಾಳಸಮೇತ ತಂದು ಜೋಡಿಸುವ ವಿಧಾನವನ್ನು ಅಮೆರಿಕದ ವೈದ್ಯ ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು. ಮೈಭಾರ ಹೊರುವುದು ಮುಖ್ಯವಾಗಿ ಪಕ್ಕದ ದಪ್ಪ ಮೂಳೆ. ತೆಳುಮೂಳೆ ಹೋದರೂ ಮನುಷ್ಯ ನಡೆಯಬಲ್ಲ.

ಶಸ್ತ್ರಕ್ರಿಯೆ ಮುಗಿಯಿತೆಂದು ಮನೆಯವರು ಎದೆ ಹಗುರಮಾಡಿಕೊಳ್ಳುವ ಹೊತ್ತಿಗೇ ನಿಜವಾದ ಕಾವಲು ಆರಂಭವಾಗುತ್ತದೆ. ಕೆಲವೇ ಮಿಲಿಮೀಟರ್ ಅಗಲದ ನಾಳಗಳನ್ನು ಕುತ್ತಿಗೆಯ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಹೊಲಿದಿರುತ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ತಂದ ಮೂಳೆ ಸಾಯುತ್ತದೆ. ಮೊದಲ 2-3 ದಿನಗಳಲ್ಲಿ ಈ ಭಯ ಹೆಚ್ಚು. ಆದ್ದರಿಂದಲೇ ದಾದಿಯರು ಗಂಟೆಗಂಟೆಗೂ ಬಂದು, ಬಾಯೊಳಗೆ ದೀಪ ಹಿಡಿದು, ಕಸಿಮಾಡಿದ ಚರ್ಮದ ಬಣ್ಣ ನೋಡುವುದು. ಬಿಳಿಚಿಕೊಂಡಿದ್ದರೆ ರಕ್ತ ಒಳಬರುತ್ತಿಲ್ಲ. ನೀಲಿಗಟ್ಟಿ ಊದಿದ್ದರೆ ಹೊರಹೋಗುತ್ತಿಲ್ಲ. ಹೆಚ್ಚಾಗಿ ಆಗುವುದು ಎರಡನೆಯದೇ. ತಡಮಾಡದೆ ಮತ್ತೆ ಶಸ್ತ್ರಶಾಲೆಗೆ ಒಯ್ದರೆ ಎಷ್ಟೋ ಬಾರಿ ಕಸಿ ಉಳಿಯುತ್ತದೆ. "ಒಮ್ಮೆ ಕೊಯ್ದದ್ದು ಸಾಲದೆ?" ಎಂದು ಬಂಧುಗಳು ಸಿಡಿಮಿಡಿಗೊಳ್ಳುವುದು ಸಹಜವೇ, ಆದರೆ ಆಗ ನಡೆಯುವುದು ಗಂಟೆಗಳ ಲೆಕ್ಕ.

ಇನ್ನು ಬಾಯಿಯೆಂಬುದು ಎಂದಿಗೂ ನಿರ್ಮಲ ಸ್ಥಳವಲ್ಲ. ಹೊಲಿಗೆ ಎಲ್ಲಾದರೂ ಬಿಟ್ಟರೆ ಜೊಲ್ಲು ಕುತ್ತಿಗೆಗಿಳಿದು, ಕೀವಾಗಿ, ಚರ್ಮದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಮೂಗಿನ ನಳಿಗೆಯಿಂದ ಆಹಾರ ಕೊಡುವುದು ಹೊಲಿಗೆ ಕೂಡಿಕೊಳ್ಳಲೆಂದೇ. ಕನಿಕರಪಟ್ಟು ಕದ್ದು ಗಂಜಿ ಕುಡಿಸುವ ಅಕ್ಕರೆ ಇಲ್ಲಿ ಅಪಾಯಕಾರಿ. ಗಾಯ ಮಾಯದಿದ್ದರೆ ತೊಂದರೆ ಗಾಯಕ್ಕಷ್ಟೇ ನಿಲ್ಲದು: ವಿಕಿರಣ ಚಿಕಿತ್ಸೆ ಬೇಕಾದವರಿಗೆ ಅದು ಸುಮಾರು 6 ವಾರಗಳೊಳಗೆ ಆರಂಭವಾಗಬೇಕು. ತಡವಾದಷ್ಟೂ ರೋಗ ಮರಳುವ ಸಂಭವ ಹೆಚ್ಚು.

ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ ಮೂಳೆಯನ್ನು ಹಿಡಿದಿಟ್ಟ ಲೋಹದ ಪಟ್ಟಿ ಚರ್ಮ ಸೀಳಿ ಇಣುಕುವುದುಂಟು. ಬಾಯಿ ತೆರೆಯಲಾಗದಂತೆ ಬಿಗಿಯುವುದೂ ಉಂಟು. ಅದಕ್ಕೆ ದಿನವೂ ವ್ಯಾಯಾಮ ಬೇಕು. ಮೂಳೆ ಕೊಟ್ಟ ಕಾಲಿನ ಹೆಬ್ಬೆರಳು ಮಡಿಚಿಕೊಳ್ಳಬಹುದು, ಪಾದದ ಕೀಲು ಬಿಗಿಯಬಹುದು. ಮುಖದ ಚಿಂತೆಯಲ್ಲಿ ಪಾಪ, ಕಾಲನ್ನು ವಿಚಾರಿಸುವವರೇ ಇರುವುದಿಲ್ಲ.

ಮನೆಗೆ ಬಂದವರು ಊಟದ ಪಂಕ್ತಿಯಿಂದ ಅರ್ಧಕ್ಕೇ ಎದ್ದುಹೋದರೆ ಮನೆಯವರು ಅದನ್ನು ಕೋಪವೆಂದು ಎಣಿಸುತ್ತಾರೆ. ದವಡೆಯೊಡನೆ ಅದರೊಳಗಿನ ನರವೂ ಹೋಗಿರುವುದರಿಂದ ಕೆಳತುಟಿಯ ಆ ಭಾಗಕ್ಕೆ ಸ್ಪರ್ಶಜ್ಞಾನವಿರುವುದಿಲ್ಲ. ಸಾರು ಗಲ್ಲಕ್ಕಿಳಿದದ್ದು ಅವರಿಗೆ ಗೊತ್ತಾಗುವುದು ಎದುರಿಗೆ ಕುಳಿತವರ ಮುಖ ನೋಡಿದಾಗಲೇ.