ಅವ್ವ ಯಾವ ಕಾಲಂಗೆ ಸೇರುತ್ತಾಳೆ?

ನನ್ನ ಪಿಎಚ್.ಡಿ. ಪ್ರಶ್ನಾವಳಿಯನ್ನು ಮೊದಲು ಪರೀಕ್ಷಿಸಿದ್ದು ಅವ್ವನ ಮೇಲೆ. ‘ದಿನಾಲೂ ಇಂಟರ್‌ನೆಟ್ ಬಳಸುತ್ತೀರಾ?’ ಎಂದು ಕೇಳಿದೆ. ‘ಅದೆಲ್ಲ ನನಗೆಲ್ಲಿ ಬರ್ತೈತಿ?’ ಎಂದಳು. ‘ಇಲ್ಲ’ ಎಂದು ಗುರುತು ಹಾಕಿದೆ. ಅಷ್ಟರಲ್ಲಿ ಅವಳು ವಾಟ್ಸ್‌ಆ್ಯಪ್‌ನಲ್ಲಿ ಚಿಕ್ಕವ್ವನಿಗೆ ಧ್ವನಿ ಸಂದೇಶ ಕಳಿಸುತ್ತಿದ್ದಳು.

ತಪ್ಪು ಅವಳದಲ್ಲ, ಪ್ರಶ್ನೆಯದು.

ಹುಡುಗರು ಮೊಬೈಲಿನಲ್ಲಿ ಮುಳುಗಿದ್ದಾರೆ, ಹಿರಿಯರಿಗೆ ಅದರ ಗಂಧವೇ ಇಲ್ಲ ಎಂಬ ಮಾತನ್ನು ವಿಚಾರ ಸಂಕಿರಣಗಳಲ್ಲಿ ಕೇಳಿ ಸಾಕಾಗಿದೆ. ಬೆಂಬಲಕ್ಕೆ ಒಂದಿಷ್ಟು ಅಂಕಿ ಬರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಇಂಟರ್‌ನೆಟ್ ಬಳಸಿದವರು ಮಹಿಳೆಯರಲ್ಲಿ ಶೇ. 33, ಪುರುಷರಲ್ಲಿ ಶೇ. 57. ಅಲ್ಲಿ ಕೇಳಿದ್ದು ‘ಎಂದಾದರೂ ಬಳಸಿದ್ದೀರಾ’ ಎಂದು, ದಿನಾಲೂ ಎಂದಲ್ಲ. ಮಹಿಳೆಯರಲ್ಲಿ ಕೇಳಿದ್ದು 15ರಿಂದ 49 ವರ್ಷದವರನ್ನು ಮಾತ್ರ. 58ರ ಅವ್ವ ಆ ಕೋಷ್ಟಕದ ಹೊರಗೆ. ಹೆರಿಗೆ, ಮಕ್ಕಳ ಆರೋಗ್ಯ ಕೇಳಲು ಹೊರಟ ಸಮೀಕ್ಷೆಗೆ ಆ ಮಿತಿ ಸರಿಯೇ. ಅದನ್ನೇ ಹಿಡಿದು ಎಲ್ಲ ವಯಸ್ಸಿನವರ ಬಗ್ಗೆ ತೀರ್ಪು ಕೊಡುವ ನಮಗೆ ನಾಚಿಕೆ ಬೇಡವೇ?

ಅತ್ತ ಬದುಕು ಕಾಯದೆ ಒಳಗೆ ಹೋಗಿಬಿಟ್ಟಿದೆ. ಬ್ಯಾಂಕು, ಆಧಾರ್, ಗ್ಯಾಸ್ ಸಿಲಿಂಡರ್. ಪಿಂಚಣಿದಾರರ ಜೀವಂತ ಪ್ರಮಾಣಪತ್ರಕ್ಕೂ 2014ರಿಂದ ಡಿಜಿಟಲ್ ದಾರಿ. ಅವ್ವನ ಮೊಬೈಲಿಗೆ ಒಟಿಪಿ ಬರುತ್ತದೆ. ಅವಳು ಫೋನಿನಲ್ಲಿ ಒಂದೊಂದೇ ಅಂಕಿ ಓದುತ್ತಾಳೆ, ಹಾಸ್ಟೆಲಿನಲ್ಲಿ ಕೂತು ನಾನು ಒತ್ತುತ್ತೇನೆ. ಲೆಕ್ಕದಲ್ಲಿ ಬಳಕೆದಾರ ನಾನು, 28ರ ಯುವಕ. ದುಡ್ಡು ಅವಳದು, ಆತಂಕವೂ ಅವಳದು. ಖಾತೆಯಲ್ಲಿ ಎಷ್ಟಿದೆ ಎಂಬುದು ಮಾತ್ರ ಅವಳಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಇದನ್ನು ಸೇವೆ ಎಂದುಕೊಂಡಿದ್ದೆ. ಇದು ಅಧಿಕಾರವೂ ಹೌದು. ಹೀಗೆ ಒತ್ತಿಕೊಡುವ ಮಕ್ಕಳಿಲ್ಲದವರು ಅದೇ ಅಂಕಿಗಳನ್ನು ಅಂಗಡಿಯವನ ಮುಂದೆ ಓದಬೇಕು.

ವಯಸ್ಸಿನ ಪ್ರಕಾರ ಗಂಟೆ ಎಣಿಸಿದರೆ ಯಾರ ಕಣ್ಣು ಪರದೆಯ ಮೇಲಿತ್ತು ಎಂಬುದಷ್ಟೇ ತಿಳಿಯುತ್ತದೆ. ಯಾರ ಸಂಸಾರ ಅದಕ್ಕೆ ತಗುಲಿಕೊಂಡಿದೆ ಎಂಬುದು ತಿಳಿಯುವುದಿಲ್ಲ. ಹುಡುಗರಿಗೆ ಚಟದ ಪಟ್ಟ, ಹಿರಿಯರಿಗೆ ಅಜ್ಞಾನದ ಪಟ್ಟ ಕಟ್ಟಿ ನಾವು ಪ್ರಬಂಧ ಮಂಡಿಸಿ ಊಟಕ್ಕೆ ಏಳುತ್ತೇವೆ.

ನನ್ನ ಪ್ರಶ್ನೆಗಳನ್ನು ಬದಲಿಸಿದ್ದೇನೆ. ಯಾವ ಕೆಲಸಕ್ಕೆ ಇಂಟರ್‌ನೆಟ್ ಬೇಕಾಯಿತು? ಯಾರ ಕೈಯಿಂದ ಆಯಿತು? ಆ ಕೈ ಸಿಗದ ದಿನ ಏನು ಮಾಡುತ್ತೀರಿ?

ಮೂರನೆಯದಕ್ಕೆ ಅವ್ವ ಹೇಳಿದಳು: ‘ನೀ ಫೋನ್ ಎತ್ತೂತನಕ ಕಾಯ್ತೀನಿ.’

ಇದರ ಎದುರು ‘ಬಳಸುವುದಿಲ್ಲ’ ಎಂದು ಬರೆಯಲು ನಾನಿನ್ನು ತಯಾರಿಲ್ಲ.